ಬೂದು ಪಟ್ಟಿಯ ಕೆಳಗಿನ ನಗು

ನಂದೀಶ ಹಾರ್ಡ್ ಡಿಸ್ಕನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಬಂದಿದ್ದ. ಬಾಣಂತಿ ಮನೆಯ ಕೂಸನ್ನು ಎತ್ತಿಕೊಳ್ಳುವವರೂ ಅಷ್ಟು ಜೋಪಾನ ಮಾಡುವುದಿಲ್ಲ.

ಮಾಲೂರಿನ ಸ್ಟೇಷನ್ ರಸ್ತೆಯಲ್ಲಿ ಸುನಂದಳದು ಪುಟ್ಟ ಕಂಪ್ಯೂಟರ್ ರಿಪೇರಿ ಅಂಗಡಿ. ನಂದೀಶ ಶಿವಾರಪಟ್ಟಣದ ಶಿಲ್ಪಿ. ಮಾತು ಕಡಿಮೆ, ತಲೆಗೂದಲ ತುಂಬ ಕಲ್ಲಿನ ಹುಡಿ. ಅವನು ಬರುತ್ತೇನೆಂದು ಫೋನ್ ಮಾಡಿದ ದಿನ ತಾನೇಕೆ ಎರಡೆರಡು ಸಲ ಕನ್ನಡಿ ನೋಡಿಕೊಳ್ಳುತ್ತೇನೆ ಎಂದು ಅವಳು ತನ್ನನ್ನು ಕೇಳಿಕೊಂಡವಳಲ್ಲ. ಉತ್ತರ ಗೊತ್ತಿದ್ದ ಮೇಲೆ ಕೇಳುವುದೇನು?

ಡಿಸ್ಕಿಗೆ ವೈರ್ ಸಿಕ್ಕಿಸಿದ ಕೂಡಲೇ ಒಳಗಿನಿಂದ ಟಕ್, ಟಕ್ ಎಂಬ ಸದ್ದು ಬಂತು. ಅವಳ ಮುಖ ಸಣ್ಣಗಾಯಿತು. ತಕ್ಷಣ ವೈರ್ ಕಿತ್ತಳು.

ಏನೇನು ಮಾಡಿದಿರಿ ಎಂದು ಕೇಳಿದಳು. ಅವನು ಒಂದೊಂದೇ ಹೇಳಿದ. ಕಂಪ್ಯೂಟರ್ ಆನ್ ಮಾಡಿದರೆ ಡಿಸ್ಕ್ ಚೆಕ್ ಶುರುವಾಗುತ್ತಿತ್ತು, ಅರ್ಧಕ್ಕೇ ನಿಲ್ಲುತ್ತಿತ್ತು. ಅವಳೇ ಫೋನಿನಲ್ಲಿ, ಚೆಕ್ ಆಗಲು ಬಿಡಿ, ತಾನೇ ಸರಿ ಮಾಡಿಕೊಳ್ಳುತ್ತದೆ ಎಂದಿದ್ದಳಲ್ಲ, ಅದಕ್ಕೇ ದಿನಾ ಬೆಳಗ್ಗೆ ಹಚ್ಚುತ್ತಿದ್ದ. ಕೊನೆಗೆ ಡಿಸ್ಕನ್ನು ಬಿಚ್ಚಿ, ಉಳಿಯ ಹಿಡಿಯಿಂದ ಮೆಲ್ಲಗೆ ತಟ್ಟಿ, ಕಿವಿಗೊಟ್ಟು ಕೇಳಿದ್ದ.

"ತಟ್ಟಿದ್ರಾ?"

"ಕಲ್ಲನ್ನ ಹಂಗೇ ಅಲ್ವಾ ನೋಡೋದು? ಚೆನ್ನಾಗಿದ್ರೆ ಗಂಟೆ ಥರ ಅನ್ನುತ್ತೆ. ಒಳಗೆ ಬಿರುಕಿದ್ರೆ ಮಂಕಾಗಿ ಅನ್ನುತ್ತೆ."

ಸುನಂದಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆದರೂ ನಗು ಬಂದೇಬಿಟ್ಟಿತು. ಅವಳ ನಗುವಿನದು ಒಂದು ವಿಚಿತ್ರ: ತುಟಿಯ ಎಡತುದಿ ಮೊದಲು ಏಳುತ್ತದೆ, ಬಲತುದಿ ಯೋಚನೆ ಮಾಡಿ ಆಮೇಲೆ ಏಳುತ್ತದೆ. ಫೋಟೋ ತೆಗೆಸುವಾಗಲೆಲ್ಲ ಅವಳ ಅಮ್ಮ ಶ್ಯಾಮಲಮ್ಮ ನೆಟ್ಟಗೆ ನಗೇ ಎಂದು ಗದರುವುದುಂಟು. ನಂದೀಶ ಆ ಎಡತುದಿಯನ್ನೇ ನೋಡಿದ, ತಡವಾಗಿ ಕಣ್ಣು ತಗ್ಗಿಸಿದ.

"ಬಿರುಕಿದೆ ಅಂತ ಗೊತ್ತಾದ ಮೇಲೂ ತಟ್ಟುತ್ತಾ ಕೂತಿರ್ತೀರಾ?" ಎಂದಳು.

"ಇಲ್ಲ. ಒಡೆದುಹೋಗುತ್ತೆ."

"ಇದೂ ಅಷ್ಟೇ. ಸಾಯೋ ಡಿಸ್ಕಿಗೆ ಚೆಕ್ ಹಾಕಬಾರದು. ಮೊದಲು ಕಾಪಿ, ಆಮೇಲೆ ಮಿಕ್ಕಿದ್ದು. ಫೋನಲ್ಲಿ ಅವತ್ತು ಅವಸರದಲ್ಲಿ ಹೇಳಿಬಿಟ್ಟೆ. ತಪ್ಪು ನಂದು."

ಒಳಗಿದ್ದ ಫೋಟೋಗಳು ಅಂತಿಂಥವಲ್ಲ. ತಾಯಲೂರಿನ ಆಚೆ ಒಂದು ಹಳ್ಳಿಯ ಗುಡಿಯಲ್ಲಿ ತೊಲೆ ಬಿದ್ದು ದೇವಿ ಅಮ್ಮನ ವಿಗ್ರಹದ ತೋಳು ಮುರಿದಿತ್ತು. ಭಿನ್ನವಾದ ವಿಗ್ರಹಕ್ಕೆ ಪೂಜೆಯಿಲ್ಲ, ಊರವರು ಅದನ್ನು ಕೆರೆಯ ಆಳಕ್ಕೆ ಬಿಟ್ಟಿದ್ದರು. ಬಿಡುವ ಮುಂಚೆ ಗರ್ಭಗುಡಿಯೊಳಗೆ ಫೋಟೋ ತೆಗೆಯಲು ಒಪ್ಪಿಗೆ ಸಿಕ್ಕಿದ್ದು ಹೊಸ ವಿಗ್ರಹ ಕೆತ್ತಬೇಕಾದ ನಂದೀಶನೊಬ್ಬನಿಗೆ. ಕ್ಯಾಮೆರಾದಲ್ಲಿದ್ದವನ್ನು ಕಂಪ್ಯೂಟರಿಗೆ ಹಾಕಿ, ಕಾರ್ಡ್ ಅಳಿಸಿಬಿಟ್ಟಿದ್ದ. ಊರಿಗೆ ಬೇರೆ ಮುಖ ಬೇಡ, ಹಳೆಯ ಮುಖವೇ ಬೇಕು. ತರಲಾಗದಿದ್ದರೆ ಕೆಲಸ ಬೇರೆಯವರಿಗೆ, ಮುಖ ಕಳೆದ ಕೆಟ್ಟ ಹೆಸರು ಇವನಿಗೆ.

ಅವನು ಹೋದ ಮೇಲೆ ಸುನಂದಳಿಗೆ ಊಟ ಸೇರಲಿಲ್ಲ. ತನ್ನ ಬಾಯಿಂದ ಬಿದ್ದ ಒಂದು ಮಾತಿಗೆ ಅವನ ಕೈಕೆಲಸ ಹಾಳಾದರೆ ಮತ್ತೆ ಈ ಬಾಗಿಲಿಗೆ ಬರುತ್ತಾನೆಯೇ? ಬಂದರೂ ಹಾಗೆ ನೋಡುತ್ತಾನೆಯೇ? ಡಿಸ್ಕನ್ನು ಫ್ಯಾನಿನ ಕೆಳಗಿಟ್ಟು, ಅದರ ಮೇಲೆ ಏನೂ ಬರೆಯದಂತೆ, ಚೆನ್ನಾಗಿರುವ ಭಾಗವನ್ನು ಮೊದಲು ಓದಿಸಿದಳು. ಸದ್ದು ಬಂದರೆ ನಿಲ್ಲಿಸುವಳು, ತಣಿದ ಮೇಲೆ ಮತ್ತೆ ಹಚ್ಚುವಳು. ಬೇರೆ ಗಿರಾಕಿಗಳೆಲ್ಲ ನಾಳೆ ಬಾ ಎನಿಸಿಕೊಂಡರು.

ಅಳತೆಗಳು ಬಂದವು, ಮೈ ಬಂತು, ಕೈಗಳು ಬಂದವು. ಮುಖದ ಫೋಟೋ ಮಾತ್ರ ಅರ್ಧ ಬಂತು. ಕಿರೀಟ, ಹಣೆ, ಕಣ್ಣು, ಮೂಗು ಇದ್ದವು. ಅಲ್ಲಿಂದ ಕೆಳಗೆ ಬರೀ ಬೂದು ಪಟ್ಟಿ. ಡಿಸ್ಕ್ ಮತ್ತೆ ಏಳಲೇ ಇಲ್ಲ.

ಫೋಟೋ ಕಳಿಸಿ, ತುಟಿ ಉಳಿಸೋಕೆ ಆಗಲಿಲ್ಲ ಎಂದು ಫೋನಿನಲ್ಲಿ ಹೇಳಿದಳು. ಕಣ್ಣು ಉಳಿಯಿತಲ್ಲ ಬಿಡಿ ಎಂದು ಅವನೇ ಸಮಾಧಾನ ಮಾಡಿದ.

ಕೆಲವು ವಾರ ಬಿಟ್ಟು, ಉಳಿದದ್ದನ್ನೆಲ್ಲ ಹಾಕಿದ ಎರಡು ಹೊಸ ಡಿಸ್ಕ್ ಹಿಡಿದು ಅವಳು ಶಿವಾರಪಟ್ಟಣಕ್ಕೆ ಹೋದಳು. ಫೋನಿನಲ್ಲಿ ಮುಗಿಸಬಹುದಾದ ಕೆಲಸವಲ್ಲ ಎಂದು ಅಮ್ಮನಿಗೆ ಹೇಳಿದ್ದಳು. ಶ್ಯಾಮಲಮ್ಮ ಮಗಳ ಹೊಸ ಸೀರೆಯನ್ನು ನೋಡಿ ಹೂಂ ಎಂದಿದ್ದರು.

ನಂದೀಶನ ಶೆಡ್ಡಿನಲ್ಲಿ ಕಲ್ಲಿನ ಅಮ್ಮ ನಿಂತಿದ್ದಳು, ಬಾಯಿಲ್ಲದೆ. ತುಟಿಯ ಜಾಗದಲ್ಲಿ ಕಾವಿ ಗೆರೆ ಬರೆದು ಬರೆದು ಅಳಿಸಿದ ಕೆಂಪು. ಎದುರಿಗೆ ಹಳ್ಳಿಯಿಂದ ಬಂದ ಅಜ್ಜಿ ಗಂಗರತ್ನಮ್ಮ ಕಾಲು ನೀಡಿ ಕೂತಿದ್ದರು. ಮದುವೆಯಾಗಿ ಬಂದಾಗಿನಿಂದ ಅಮ್ಮನ ಮುಖಕ್ಕೆ ಅರಿಶಿನ ಹಚ್ಚುತ್ತಿದ್ದವರು ಅವರೇ. ಹೌದು, ಅಲ್ಲ ಎನ್ನಲು ಊರು ಅವರನ್ನು ಕಳಿಸಿತ್ತು.

ಬರೆದು ತೋರಿಸಪ್ಪಾ ಎಂದು ಅಜ್ಜಿ ಆಗಿನಿಂದ ಹೇಳುತ್ತಿದ್ದರೂ ನಂದೀಶ ಕೈಯೆತ್ತಿರಲಿಲ್ಲ.

"ಬರೀರಿ," ಎಂದಳು ಸುನಂದ.

"ತಪ್ಪಾಗುತ್ತೆ."

"ಆದ್ರೆ ಅಳಿಸೋಣ. ನಾನಿದ್ದೀನಲ್ಲ."

ಅವನು ಕಾವಿ ಕಡ್ಡಿ ತೆಗೆದುಕೊಂಡ. ಕಲ್ಲಿನ ಕಡೆ ತಿರುಗಿ, ಒಂದೇ ಉಸಿರಿಗೆ ಬರೆದುಬಿಟ್ಟ. ಎಡತುದಿ ಮೊದಲು ಎದ್ದಿತು, ಬಲತುದಿ ಕೊಂಚ ಹಿಂದೆ ನಿಂತಿತು.

ಸುನಂದ ತನ್ನ ತುಟಿ ಮುಟ್ಟಿಕೊಂಡಳು. ತನ್ನ ಬಾಯಿ ತನಗೆ ಗೊತ್ತಾಗುವುದಿಲ್ಲವೇ!

ಗಂಗರತ್ನಮ್ಮ ಎದ್ದು ಬಂದು ಹೆಬ್ಬೆರಳನ್ನು ಆ ಗೆರೆಯ ಮೇಲೆ ಆಡಿಸಿದರು. ಮತ್ತೊಮ್ಮೆ ಆಡಿಸಿದರು. ಅವರ ಕಣ್ಣು ತುಂಬಿತು.

"ಅವುನು ನಾಯ್ನಾ, ಹೌದು, ಇದೇ. ಅರಿಶಿನ ಹಚ್ಚುವಾಗ ನನ್ನ ಬೆಳ್ಳು ಇಲ್ಲೇ ಮೇಲಕ್ಕೆ ಏಳ್ತಿತ್ತು. ಇದೇ ನಮ್ಮಮ್ಮ."

ಊರಿಗೆ ಸುದ್ದಿ ಹೇಳಲು ಅಜ್ಜಿ ಫೋನ್ ಹಿಡಿದು ಹೊರಗೆ ಹೋದರು. ನಂದೀಶ ಕೆಂಪಾದ ಬೆರಳುಗಳನ್ನು ಟವೆಲ್ಲಿಗೆ ಒರೆಸುತ್ತ ನಿಂತ, ಒರೆಸುತ್ತಲೇ ಇದ್ದ.

"ಎಷ್ಟು ಸಲ ಬರೆದ್ರೂ ನೀವೇ ಬರ್ತಿದ್ರಿ," ಎಂದ. "ನನ್ನ ಆಸೇನೇ ಕಲ್ಲಿಗೆ ಹತ್ತಿಸ್ತಿದ್ದೀನಿ ಅಂತ ಹೆದರಿ ಅಳಿಸಿಬಿಡ್ತಿದ್ದೆ. ನಿಮ್ಮ ಅಂಗಡಿಗೆ ಸುಮ್ನೆ ಸುಮ್ನೆ ಯಾಕೆ ಬರ್ತೀನೋ ಅನ್ನೋದೂ ಈಗ ತಿಳೀತು. ಈ ಮುಖಾನ ನಾನು ಗುಡೀಲಿ ಮೊದಲೇ ಕಂಡಿದ್ದೆ, ಇಷ್ಟಪಟ್ಟಿದ್ದೆ."

ಅವಳು ಡಿಸ್ಕುಗಳನ್ನು ಮುಂದೆ ಹಿಡಿದಳು. ಎರಡು ಯಾಕೆ ಎಂದು ಅವನು ಕೇಳಿದ.

"ಎರಡು ಕಾಪಿ, ಎರಡು ಮನೇಲಿ ಇರಬೇಕು. ಒಂದು ಹೋದ್ರೆ ಇನ್ನೊಂದಿರುತ್ತೆ."

"ಹಂಗಾದ್ರೆ ಒಂದು ನಿಮ್ಮನೇಲಿ, ಒಂದು ನಮ್ಮನೇಲಿ." ಅವನು ಟವೆಲ್ ಕೆಳಗಿಟ್ಟ. "ಇಬ್ರೂ ಒಂದೇ ಮನೇಲಿದ್ರೆ ಏನ್ಮಾಡೋದು ಸುನಂದ?"

ಎಡತುದಿ ಎದ್ದಿತು. ಬಲತುದಿ ಈ ಸಲ ಯೋಚನೆ ಮಾಡಲಿಲ್ಲ.

"ಆಗ ಒಂದನ್ನ ನಮ್ಮಮ್ಮನ ಮನೇಲಿ ಇಡೋಣ," ಎಂದಳು.