ಮೂರು ಜನರ ಗುಡಾರ

ಮಾರ್ಲಾ ಎಕರ್ಟ್ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿ, ಅದು ಸುರುಳಿಯಾಗದಂತೆ ಮೂಲೆಗಳಿಗೆ ಕಾಫಿ ಲೋಟಗಳನ್ನಿಟ್ಟಳು. ಲೆಮ್‌ಹೈ ಬೆಟ್ಟಸಾಲಿನ ನೆತ್ತಿಯ ಕೆಳಗೆ ಬಟ್ಟಲಿನಂತಿದ್ದ ಒಂದು ಜಾಗವನ್ನು ಬೆರಳಿನಿಂದ ಒತ್ತಿದಳು.

"ಇಲ್ಲಿ. ಮಿಕೆಲ್‌ಗೆ ಈ ವರ್ಷ ಇಲ್ಲಿನ ಗಂಡು ಎಲ್ಕ್ ಬೇಟೆಯ ಪರವಾನಗಿ ಲಾಟರಿಯಲ್ಲಿ ಸಿಕ್ಕಿದೆ. ಇನ್ನೊಂದ್ಸಲ ಸಿಗೋ ಹೊತ್ತಿಗೆ ಅವನಿಗೆ ಹಲ್ಲಿರಲ್ಲ."

"ಈಗಿರೋದ್ರಲ್ಲೂ ಎರಡು ಕಟ್ಟಿಸಿದ್ದು," ಎಂದ ಮಿಕೆಲ್ ಎಚವೆರಿ. ಅವನು ಕುರಿ ಸಾಕುವವನು, ಮಾತು ಕಡಿಮೆ.

ಅಕ್ಟೋಬರ್ ಕೊನೆಯ ವಾರ ಹೊರಡುವುದು, ಕಣಿವೆಯಲ್ಲಿ ಬಿಡಾರ ಹೂಡುವುದು, ಎಲ್ಕ್ ಎಂಬ ಆ ದೊಡ್ಡ ಕಾಡುಜಿಂಕೆ ಸಿಕ್ಕರೆ ಒಂದು ತುಂಡು ಮಾಂಸವನ್ನೂ ಬಿಡದೆ ಹೊತ್ತು ತರುವುದು ಎಂದು ತೀರ್ಮಾನವಾಯಿತು. ಕುದುರೆಯಿಲ್ಲ, ಎಲ್ಲವೂ ಬೆನ್ನ ಮೇಲೆಯೇ. ಮಾರ್ಲಾ ಕೆಲಸ ಹಂಚಿದಳು. ಅಡುಗೆ ಅವಳ ತಮ್ಮ ವೇಡ್‌ನದು. ಹಗ್ಗ, ಚಾಕು, ಮಾಂಸದ ಚೀಲಗಳು ಮಿಕೆಲ್‌ನವು. ದಾರಿ ಅವಳದೇ. ಗುಡಾರ ಮತ್ತು ಒಲೆ ಆರಿನ್ ಹ್ಯಾಸ್ಕೆಟ್‌ನ ಪಾಲಿಗೆ ಬಂದವು.

"ಪ್ರೊಫೆಸರ್‌ಗೇ ಕೊಡು," ಎಂದ ವೇಡ್. "ತೂಕ ಹಾಕದೆ ಅವನು ಹಲ್ಲುಜ್ಜೋ ಬ್ರಶ್ಶನ್ನೂ ತರಲ್ಲ."

ಆರಿನ್ ಪ್ರೊಫೆಸರ್ ಅಲ್ಲ. ನದಿಗಳಲ್ಲಿ ಎಷ್ಟು ನೀರು ಹರಿಯುತ್ತದೆಂದು ಅಳೆಯುವುದು ಅವನ ಕೆಲಸ. ಅಳತೆಯಲ್ಲಿ ತಪ್ಪುವವನಲ್ಲ ಎಂಬ ನಂಬಿಕೆ ಉಳಿದ ಮೂವರಿಗೂ ಇತ್ತು.

ಆ ಗುಂಪಿನಲ್ಲಿ ಒಂದು ಹಳೆಯ ಕಟ್ಟಳೆ: ಯಾವ ವಸ್ತುವನ್ನು ಯಾರು ಆರಿಸುತ್ತಾರೋ ಅವರೇ ಅದನ್ನು ಹೊರಬೇಕು. ಹಾಗಾದರೆ ಯಾರೂ ಬೇಡದ್ದನ್ನು ತರುವುದಿಲ್ಲ ಎಂಬುದು ಅದರ ಹಿಂದಿನ ಲೆಕ್ಕ. ಬೇಕಾದ್ದನ್ನು ಯಾರಾದರೂ ಬಿಟ್ಟು ಬರಬಹುದೆಂದು ಯಾರೂ ಯೋಚಿಸಿರಲಿಲ್ಲ.

ಆರಿನ್ ಶ್ರದ್ಧೆಯಿಂದಲೇ ಹುಡುಕಿದ. ದಪ್ಪ ಕ್ಯಾನ್ವಾಸಿನ ಗುಡಾರ ಬೆಚ್ಚಗಿರುತ್ತದೆ, ಆದರೆ ಅದಕ್ಕೆ ಹೇಸರಗತ್ತೆಯೇ ಬೇಕು. ಎರಡು ಪದರದ ಸಣ್ಣ ಗುಡಾರಗಳು ಹಗುರ, ಆದರೆ ಅವುಗಳೊಳಗೆ ಬೆಂಕಿ ಹಾಕುವಂತಿಲ್ಲ. ಒದ್ದೆಯಾದ ಕಾಲುಚೀಲ ಒದ್ದೆಯಾಗಿಯೇ ಉಳಿಯುವ ಬಿಡಾರದಲ್ಲಿ ಎರಡನೆಯ ದಿನಕ್ಕೇ ಬೇಟೆ ಮುಗಿಯುತ್ತದೆ. ಉಳಿದದ್ದು ಒಂದೇ ಬಗೆ: ನಡುವೆ ಒಂದೇ ಕಂಬ, ತೆಳು ನೈಲಾನಿನ ಗೋಪುರ, ತಳವಿಲ್ಲ, ಇಳಿಜಾರು ಗೋಡೆಯಲ್ಲಿ ಬೆಂಕಿ ತಡೆಯುವ ಬಟ್ಟೆಯ ತೂತು, ಅದರೊಳಗಿಂದ ಹೊಗೆಕೊಳವೆ. ಒಲೆ ಟೈಟಾನಿಯಂನದು. ಮಡಚಿದರೆ ಪುಸ್ತಕದಷ್ಟು ದಪ್ಪ. ಕೊಳವೆಯೆಂದರೆ ಸುರುಳಿ ಸುತ್ತಿದ ತಗಡು. ಅಂಗಡಿಯಲ್ಲಿ ಎರಡು ಅಳತೆಗಳಿದ್ದವು. ದೊಡ್ಡದು ಒಂದೂವರೆ ಕಿಲೊ ಹೆಚ್ಚು ಭಾರ. ಚಿಕ್ಕದರ ಚೀಲದ ಮೇಲೆ 'ನಾಲ್ಕು ಜನರಿಗೆ' ಎಂದು ಅಚ್ಚಾಗಿತ್ತು.

ಚಿಕ್ಕದನ್ನು ತಂದು ಮನೆಯ ಹಿಂದೆ ಹೂಡಿದ. ಮಲಗುವ ಚೀಲದ ಅಳತೆಗೆ ನಾಲ್ಕು ರಟ್ಟುಗಳನ್ನು ಕತ್ತರಿಸಿ ಒಳಗೆ ಹಾಸಿದ. ಒಲೆ ಇಟ್ಟ. ಕಾದ ತಗಡಿನಿಂದ ಬಟ್ಟೆ ಎಷ್ಟು ದೂರವಿರಬೇಕೋ ಅಷ್ಟು ಬಿಟ್ಟ. ಇಳಿಜಾರು ಗೋಡೆ ಮುಖಕ್ಕೆ ತಾಗದಂತೆ ಒಳಕ್ಕೆ ಸರಿಸಿದ. ಮೂರು ರಟ್ಟು ಕೂತವು. ನಾಲ್ಕನೆಯದು ಹೇಗಿಟ್ಟರೂ ಕೂರಲಿಲ್ಲ.

ಅವನು ಮಂಡಿಯೂರಿ ಅದನ್ನೇ ನೋಡುತ್ತಿದ್ದ. ಮಂಡಿಯೂರಿದ್ದರಿಂದ ಬಲ ಮೊಣಕಾಲು ಚುಚ್ಚಿತು. ಬೇಸಿಗೆಯಲ್ಲಿ ನದಿಯ ಬಂಡೆಯ ಮೇಲೆ ಜಾರಿ ತಿರುಚಿಕೊಂಡಾಗಿನಿಂದ ಅದು ಸರಿಯಾಗಿರಲಿಲ್ಲ, ವೈದ್ಯರು ಭಾರ ಹೊರಬೇಡವೆಂದಿದ್ದರು. ಹೇಳಿದರೆ ಮಾರ್ಲಾ ಅವನನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾಳೆ. ಹೇಳದೆ ದೊಡ್ಡ ಗುಡಾರ ಹೊತ್ತರೆ ಮೊದಲ ಏರಿನಲ್ಲೇ ಗುಟ್ಟು ಬಯಲಾಗುತ್ತದೆ. ಒಂದೂವರೆ ಕಿಲೊ.

ನಾಲ್ಕನೆಯ ರಟ್ಟನ್ನು ಮಡಚಿ ಕಸದ ಡಬ್ಬಿಗೆ ಹಾಕಿದ.

*

ಮೊದಲ ದಿನದ ಏರು ಉದ್ದವಾಗಿತ್ತು. ಪೈನ್ ಕಾಡು ಮುಗಿದು ಬಂಡೆ ಶುರುವಾಗುವ ಕಡೆ ಕಣಿವೆ ತೆರೆದುಕೊಂಡಿತು. ಮೂರು ಕಡೆ ಬೂದು ಗೋಡೆಗಳು, ನಡುವೆ ಒಣಗಿದ ಹುಲ್ಲಿನ ಹಳದಿ ಬಯಲು, ಅದನ್ನು ಸೀಳಿ ಹರಿಯುವ ತೊರೆ. ತೊರೆಯ ಅಂಚಿನಲ್ಲಿ ಆಗಲೇ ಮಂಜುಗಡ್ಡೆಯ ತೆಳು ಹಲಗೆಗಳು ಕಟ್ಟಿದ್ದವು. ದೂರದ ಪೈನ್ ಮರಗಳ ಗುಂಪಿನಿಂದ ಗಂಡು ಎಲ್ಕ್ ಒಂದು ಕೂಗಿತು. ನಾಲ್ವರೂ ನಿಂತಲ್ಲೇ ನಿಂತರು. ಮಿಕೆಲ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಗುಡಾರ ಎದ್ದಿತು, ಒಲೆ ಹೊತ್ತಿತು. ಬಟ್ಟೆಯ ಗೋಡೆಗಳು ಲಾಂದ್ರದಂತೆ ಬೆಳಗಿದವು. ಆಮೇಲೆ ಎಲ್ಲರೂ ಮಲಗಲು ನೋಡಿದರು.

"ಸ್ವಲ್ಪ ಆಚೆ ಸರ್ಕೊಳ್ಳೇ," ಎಂದ ವೇಡ್.

"ಇನ್ನೂ ಸರಿದ್ರೆ ಒಲೆ ಒಳಗೇ ಮಲಗ್ಬೇಕು," ಎಂದಳು ಮಾರ್ಲಾ.

"ನಾಲ್ಕು ಜನರಿಗೆ ಅಂತ ಬರೆದಿದಾರಲ್ಲೋ ಪ್ರೊಫೆಸರ್. ಯಾವ ನಾಲ್ಕು ಜನ? ನರ್ಸರಿ ಮಕ್ಕಳಾ?" ಎಂದ ವೇಡ್.

"ಒಲೆ ಇಲ್ದೆ ಲೆಕ್ಕ ಹಾಕಿರ್ತಾರೆ," ಎಂದ ಆರಿನ್. ಆ ಮಾತು ನಿಜವಾಗಿತ್ತು. ಹೊರಬಿದ್ದ ಕೂಡಲೇ ಅದು ಸುಳ್ಳಿನಂತೆ ನಾಲಿಗೆಗೆ ಅಂಟಿತು. "ನಾನು ಹೊರಗೆ ಮಲಗ್ತೀನಿ," ಎಂದೂ ಸೇರಿಸಿದ.

"ಬಿಡೋ. ನಾನು ಗೊರಕೆ ಹೊಡೆಯೋನು. ನಾನು ಹೋದ್ರೆ ಮೂರು ಜನ ನಿದ್ದೆ ಮಾಡ್ತೀರಿ." ವೇಡ್ ತನ್ನ ಮಲಗುವ ಚೀಲ ಬಾಚಿಕೊಂಡು ಹೊರಗೆ ನಡೆದ. ಎರಡು ಮರಗಳ ನಡುವೆ ಟಾರ್ಪಾಲು ಕಟ್ಟಿಕೊಂಡು, "ಈ ಅಂಗಡಿಯೋರ ಮೇಲೆ ನಾನು ಕೇಸು ಹಾಕ್ತೀನಿ," ಎಂದು ಅಲ್ಲಿಂದಲೇ ಕೂಗಿದ. ಮಿಕೆಲ್ ನಕ್ಕ. ಆರಿನ್ ಇನ್ನೊಮ್ಮೆ ಒತ್ತಾಯಿಸಬಹುದಿತ್ತು. ಒಲೆಯ ಬಿಸಿ ಮೊಣಕಾಲಿಗೆ ಹಿತವಾಗಿತ್ತು. ಅವನು ಕಾಲನ್ನು ಒಲೆಯ ಕಡೆ ಚಾಚಿದ.

ಮೂರನೆಯ ದಿನದ ಹೊತ್ತಿಗೆ ವೇಡ್‌ನ ಮಲಗುವ ಚೀಲ ಇಬ್ಬನಿ ಕುಡಿದು ಕುಡಿದು ಜೋತುಬಿದ್ದಿತ್ತು. ಬೆಚ್ಚಗಿಡಲೆಂದು ಒಳಗೆ ತುಂಬಿದ್ದ ಹಕ್ಕಿಯ ಪುಕ್ಕವೆಲ್ಲ ಮುದ್ದೆಯಾಗಿತ್ತು. ಬೆಳಿಗ್ಗೆ ಕಾಫಿ ಕಾಯಿಸುವಾಗ ಅವನ ಕೈ ನಡುಗುತ್ತಿದ್ದುದನ್ನು ಆರಿನ್ ನೋಡಿದ, ನೋಡಿ ಸೌದೆ ಸೀಳಲು ಹೋದ.

ಅಂದು ಮಧ್ಯಾಹ್ನ ಮಿಕೆಲ್ ಒಂದೇ ಗುಂಡಿಗೆ ಎಲ್ಕ್ ಹೊಡೆದ. ಕಣಿವೆಯ ಆಚೆ ಬದಿ, ಕಡಿದಾದ ಇಳಿಜಾರಿನಲ್ಲಿ ಅದು ಉರುಳಿತು. ನಾಲ್ವರೂ ಚಾಕು ಹಿಡಿದು ಕೂತರು. ಚರ್ಮ ಸುಲಿದು, ತೊಡೆ, ಭುಜ ಬಿಡಿಸಿ, ಚೀಲಕ್ಕೆ ತುಂಬಿ ಕರಡಿಗೆ ಸಿಗದಂತೆ ಮರಕ್ಕೆ ಏರಿಸಬೇಕು. ಅರ್ಧ ಕೆಲಸವೂ ಮುಗಿದಿರಲಿಲ್ಲ, ಪಶ್ಚಿಮದ ಗೋಡೆ ಕಾಣದಾಯಿತು.

ಮೊದಲು ಮಳೆ. ಆಮೇಲೆ ಮಳೆಯೊಂದಿಗೆ ಹಿಮ. ಆಮೇಲೆ ಬರೀ ಹಿಮ, ಅಡ್ಡಡ್ಡ.

"ಬೇಗ," ಎಂದಳು ಮಾರ್ಲಾ. "ಈ ತೊಡೆ ಕಟ್ಟಿ ಹೊರಡೋಣ."

ವೇಡ್‌ನ ಕೈಯಿಂದ ಚಾಕು ಜಾರಿತು. ಎತ್ತಿಕೊಂಡ. ಮತ್ತೆ ಜಾರಿತು. ಅವನು ಆ ಬಗ್ಗೆ ಏನೂ ತಮಾಷೆ ಮಾಡಲಿಲ್ಲ.

"ವೇಡ್, ಚಳಿ ಆಗ್ತಿದೆಯಾ?" ಆರಿನ್ ಕೇಳಿದ.

"ಇಲ್ಲ. ಈಗ ಪರವಾಗಿಲ್ಲ. ಬೆಚ್ಚಗೇ ಇದೆ." ಮಾತು ತೊದಲುತ್ತಿತ್ತು. ಬೆಳಿಗ್ಗೆಯಿಂದ ಇದ್ದ ನಡುಕ ನಿಂತುಹೋಗಿತ್ತು.

ಒದ್ದೆಯಾದ ಮನುಷ್ಯನ ನಡುಕ ನಿಂತರೆ ಅವನ ಮೈ ತಣ್ಣಗಾಗಿ ಸಾವು ಹತ್ತಿರವಾಗುತ್ತಿದೆ ಎಂಬುದು ಆರಿನ್‌ಗೆ ಗೊತ್ತಿತ್ತು. "ಮಾರ್ಲಾ, ಮಾಂಸ ಬಿಡು. ಇವನನ್ನ ಕರ್ಕೊಂಡು ಹೋಗ್ಬೇಕು, ಈಗಲೇ."

ಮಿಕೆಲ್ ಒಂದು ತೋಳು ಹಿಡಿದ, ಮಾರ್ಲಾ ಇನ್ನೊಂದು. ಆರಿನ್ ಮುಂದೆ ನಡೆದ. ಬಯಲಿನಲ್ಲಿ ಗುರುತೇನೂ ಉಳಿದಿರಲಿಲ್ಲ. ತೊರೆಯ ಸದ್ದನ್ನು ಎಡಕ್ಕಿಟ್ಟುಕೊಂಡು ಹೆಜ್ಜೆ ಹಾಕಿದ. ವೇಡ್ ಎರಡು ಸಲ ಕೂತುಬಿಟ್ಟ.

"ಏಳೋ ಕತ್ತೆ," ಎಂದಳು ಮಾರ್ಲಾ. ಅವನ ತೋಳು ಜಗ್ಗಿದಳು. "ಅಮ್ಮನಿಗೆ ನಾನೇನು ಹೇಳ್ಲಿ?"

ಮುಸ್ಸಂಜೆಯ ಬೂದು ಬೆಳಕಿನಲ್ಲಿ ಗುಡಾರ ಸಿಕ್ಕಿತು. ಹಿಮದ ಭಾರಕ್ಕೆ ಗೋಡೆಗಳು ಒಳಕ್ಕೆ ಬಾಗಿದ್ದವು. ವೇಡ್‌ನ ಒದ್ದೆ ಬಟ್ಟೆ ಕಳಚಿ ಆರಿನ್‌ನ ಒಣಗಿದ ಮಲಗುವ ಚೀಲದೊಳಗೆ ತೂರಿಸಿದರು. ಮಿಕೆಲ್ ಒಲೆಗೆ ತೆಳು ಸೀಳುಗಳನ್ನು ತುರುಕಿದ. ಬೆಂಕಿ ಹಿಡಿಯಿತು, ತಗಡು ಕೆಂಪೇರಿತು. ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ವೇಡ್‌ನ ಕಂಕುಳಿಗೆ ಇಟ್ಟರು.

ವೇಡ್ ಕಾಲು ಚಾಚಿ ಮಲಗಬೇಕು. ಅವನನ್ನು ಬೆಚ್ಚಗಿಡಲು ಮಾರ್ಲಾ ಬೆನ್ನಿಗೆ ಬೆನ್ನು ತಾಗಿಸಿ ಮಲಗಬೇಕು. ಒಲೆಗೆ ಸೌದೆ ಹಾಕಲು ಒಬ್ಬ ಬೇಕು. ಅಲ್ಲಿಗೆ ಜಾಗ ಮುಗಿಯಿತು. ಇನ್ನೊಬ್ಬ ಒಳಗೆ ಬಂದರೆ ಯಾರದಾದರೂ ತೋಳು ಒಲೆಗೆ ತಾಗುತ್ತದೆ, ಇಲ್ಲವೇ ಬೆನ್ನು ಬಟ್ಟೆಯನ್ನು ಕೊಳವೆಗೆ ಒತ್ತಿ ಗುಡಾರವೇ ಉರಿಯುತ್ತದೆ.

"ನಾನು ಹಿಮ ಕೆಡವ್ತೀನಿ," ಎಂದು ಆರಿನ್ ಹೊರಗೆ ನಿಂತ.

ಗೋಡೆಯನ್ನು ಅಂಗೈಯಿಂದ ಬಡಿದ. ಹಿಮ ಜಾರಿತು. ಸುತ್ತು ಬಂದ. ಮತ್ತೆ ಬಡಿದ. ಒಳಗೆ ಬೆಳಕಿನಲ್ಲಿ ಮೂರು ನೆರಳುಗಳು, ಸರಿಯಾಗಿ ಮೂರು, ಹಿತ್ತಲಿನಲ್ಲಿ ರಟ್ಟುಗಳು ಕೂತಿದ್ದಂತೆಯೇ. ಚಳಿಗೆ ಬೆರಳು ಸೆಟೆದವು, ಮೊಣಕಾಲು ಉರಿಯಿತು. ಆ ಉರಿ ಅವನಿಗೆ ಬೇಕೆನಿಸಿತು. ಹಾಗೆ ಅನಿಸಿದ್ದಕ್ಕೂ ನಾಚಿಕೆಯಾಯಿತು. ನೋವು ತಿಂದರೆ ಲೆಕ್ಕ ಚುಕ್ತವಾಗುತ್ತದೆಂದು ಯಾರಿಗೆ ಮೋಸ?

ಮಿಕೆಲ್ ಆಗಾಗ ಜಾಗ ಬದಲಿಸಿ ಅವನನ್ನು ಒಳಗೆ ಎಳೆದ. ಒಮ್ಮೆ ಹಾಗೆ ಒಳಗೆ ಬಂದಾಗ ವೇಡ್ ಗಡಗಡ ನಡುಗುತ್ತಿದ್ದ. ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಆರಿನ್‌ಗೆ ಅಷ್ಟು ಇಂಪಾದ ಸದ್ದು ಯಾವುದೂ ನೆನಪಿರಲಿಲ್ಲ.

"ಪ್ರೊಫೆಸರ್," ಎಂದ ವೇಡ್, ನಡುಗುತ್ತಲೇ. "ನಿನ್ನ ಚೀಲ ನಾರುತ್ತೆ ಮಾರಾಯ."

*

ಬೆಳಗಾದಾಗ ಆಕಾಶ ತೊಳೆದಿಟ್ಟಂತಿತ್ತು. ಕಣಿವೆ ತುಂಬ ಹೊಳೆಯುವ ಹಿಮ. ವೇಡ್ ಎದ್ದು ಎರಡು ಬಟ್ಟಲು ಗಂಜಿ ತಿಂದ. ಆಚೆ ಬದಿಯ ಇಳಿಜಾರಿನಲ್ಲಿ ಮಾಂಸ ಚಳಿಗೆ ಗಟ್ಟಿಯಾಗಿ, ಕೆಡದೆ ಹಾಗೆಯೇ ಉಳಿದಿತ್ತು. ಬಿಟ್ಟು ಹೋಗುವ ಮಾತನ್ನು ಯಾರೂ ಆಡಲಿಲ್ಲ. ಉಳಿದ ತುಂಡುಗಳನ್ನು ಬಿಡಿಸಿ ಎಲ್ಲರೂ ಹೊರೆ ಕಟ್ಟಿಕೊಂಡರು.

ಆರಿನ್ ಹಿಂಗಾಲಿನ ತೊಡೆ ಎತ್ತಿಕೊಂಡ. ಎಲ್ಲಕ್ಕಿಂತ ಭಾರವಾದದ್ದು ಅದೇ. ಇಳಿಜಾರಿನಲ್ಲಿ ಹತ್ತು ಹೆಜ್ಜೆ ನಡೆದಿರಲಿಕ್ಕಿಲ್ಲ, ಮೊಣಕಾಲು ಪಕ್ಕಕ್ಕೆ ವಾಲಿತು. ಹೊರೆ ಅವನನ್ನು ತಲೆಕೆಳಗು ಮಾಡಿ ಎಳೆದೊಯ್ದು ಒಂದು ಪೊದೆಗೆ ಒತ್ತಿ ನಿಲ್ಲಿಸಿತು.

ಮಾರ್ಲಾ ಓಡಿ ಬಂದು ಹೊರೆಯ ಪಟ್ಟಿ ಬಿಚ್ಚಿದಳು. ಪ್ಯಾಂಟಿನ ಕಾಲು ಮೇಲಕ್ಕೆ ಸರಿಸಿದಳು. ಒಳಗೆ ಮೊಣಕಾಲಿಗೆ ಬಿಗಿದ ಪಟ್ಟಿ ಇತ್ತು. ಬೆವರಿಗೆ ಬಣ್ಣಗೆಟ್ಟ ಹಳೆಯ ಪಟ್ಟಿ.

"ಇದು ಇವತ್ತಿನದಲ್ಲ," ಎಂದಳು.

"ಅಲ್ಲ. ಬೇಸಿಗೆಯದು."

ಅವಳು ಪಟ್ಟಿಯನ್ನೇ ನೋಡುತ್ತ ಕೂತಳು. ಅವಳು ಒಂದಕ್ಕೊಂದು ಜೋಡಿಸುತ್ತಿರುವುದು ಆರಿನ್‌ಗೆ ಕಾಣುತ್ತಿತ್ತು. "ದೊಡ್ಡ ಗುಡಾರ ಇರ್ಲಿಲ್ವಾ ಅಂಗಡೀಲಿ?"

"ಇತ್ತು. ಒಂದೂವರೆ ಕಿಲೊ ಜಾಸ್ತಿ."

"ಇದರಲ್ಲಿ ನಾಲ್ಕು ಜನ ಹಿಡಿಸಲ್ಲ ಅಂತ ಗೊತ್ತಿತ್ತಾ ನಿಂಗೆ?"

ವೇಡ್ ಅಲ್ಲಿಯೇ ನಿಂತಿದ್ದ, ತುಟಿ ಇನ್ನೂ ಬಿಳಿಚಿಕೊಂಡೇ ಇತ್ತು. ಆರಿನ್ ಅವನ ಮುಖ ನೋಡಲು ಹೋಗಿ ಬೂಟು ನೋಡಿದ.

"ಗೊತ್ತಿತ್ತು."

ಮಿಕೆಲ್ ತಿರುಗಿ ಬೆಟ್ಟದ ಕಡೆ ನೋಡಿದ. ಮಾರ್ಲಾ ಎದ್ದು ನಾಲ್ಕು ಹೆಜ್ಜೆ ಆಚೆ ಹೋದಳು, ಬೆನ್ನು ಮಾಡಿ ನಿಂತಳು. ವೇಡ್ ಬೈಯಲಿಲ್ಲ. ಬೈದಿದ್ದರೆ ಆರಿನ್‌ಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ಹೇಳಿದ್ರೆ ಆ ಒಂದೂವರೆ ಕಿಲೊ ನಾನೇ ಹೊರ್ತಿದ್ನಲ್ಲೋ," ಎಂದ ವೇಡ್. ಬಗ್ಗಿ ತೊಡೆಯ ಚೀಲವನ್ನು ತನ್ನ ಕಡೆಗೆ ಎಳೆದುಕೊಂಡ.

"ನೀನು ಇನ್ನೂ ಸುಧಾರಿಸಿಕೊಂಡಿಲ್ಲ," ಎಂದು ಮಿಕೆಲ್ ಅದನ್ನು ಅವನಿಂದ ಕಿತ್ತುಕೊಂಡ.

ಮಾರ್ಲಾ ತಿರುಗಿ ಬಂದಾಗ ಅವಳ ದನಿ ಮಾಮೂಲಾಗಿತ್ತು. ಅದರಲ್ಲಿ ಸಲುಗೆ ಇರಲಿಲ್ಲ. "ಆರಿನ್, ನೀನು ಗುಂಡಿಗೆ, ಲಿವರ್ ಇರೋ ಚೀಲ ತಗೋ, ಗುಡಾರ ತಗೋ. ಬೇರೇನೂ ಮುಟ್ಬೇಡ. ನೀನು ಬಿದ್ರೆ ನಿನ್ನನ್ನೂ ಹೊರಬೇಕು."

ಹಾಗೆ ಅವನು ಕೈಗೂಸಿನಷ್ಟು ಹೊರೆ ಹೊತ್ತು ಇಳಿದ. ಉಳಿದ ಮೂವರು ಒಂದು ಸರತಿ ಹೊತ್ತು, ಇಳಿಸಿ, ಮತ್ತೆ ಮೇಲೆ ಹತ್ತಿ ಹೋದರು. ಎದುರಾದಾಗ ದಾರಿ ಬಿಟ್ಟು ನಿಲ್ಲುವುದೊಂದೇ ಅವನ ಕೆಲಸ. ಮಿಕೆಲ್‌ನ ಕುತ್ತಿಗೆಯ ನರ ಉಬ್ಬಿರುತ್ತಿತ್ತು. ಮಾರ್ಲಾಳ ಉಸಿರು ಸಿಳ್ಳೆ ಹಾಕುತ್ತಿತ್ತು. ಆರಿನ್ ಪ್ರತಿ ಸಲವೂ ತಲೆ ತಗ್ಗಿಸಿದ.

ತೊರೆ ದಾಟುವ ಕಡೆ ಮಂಜುಗಡ್ಡೆ ಮೋಸದ್ದಾಗಿತ್ತು. ಮೇಲೆ ಗಟ್ಟಿ, ಕೆಳಗೆ ಪೊಳ್ಳು. ಆರಿನ್ ದಡದುದ್ದಕ್ಕೂ ನಡೆದು ನೀರು ಅಗಲವಾಗಿ ಹರಡಿ ಆಳ ಕಳೆದುಕೊಳ್ಳುವ ಜಾಗ ಹುಡುಕಿದ. ಕೋಲಿನಿಂದ ಅಂಚನ್ನು ಒಡೆದು, ಬುಡದ ಕಲ್ಲು ಕಾಣುವವರೆಗೆ ದಾರಿ ಬಿಡಿಸಿದ. ಹೊರೆ ಹೊತ್ತವರು ಅಲ್ಲಿಂದಲೇ ದಾಟಿದರು. ಕೊನೆಯಲ್ಲಿ ಅವನು ನೀರಿಗಿಳಿದಾಗ ಆಚೆ ದಡದಿಂದ ಒಂದು ಕೈ ಚಾಚಿತು. ವೇಡ್‌ನದು. ಆರಿನ್ ಹಿಡಿದುಕೊಂಡ. ಮೇಲೆ ಹತ್ತಿದ ಮೇಲೆ ವೇಡ್ ಕೈ ಬಿಟ್ಟು ಮುಂದೆ ನಡೆದ.

ಮರುದಿನ ಸಂಜೆಗೆ ಎಲ್ಲ ಚೀಲಗಳೂ ಪಿಕಪ್ ಗಾಡಿ ನಿಲ್ಲಿಸಿದ್ದ ಬಯಲು ತಲುಪಿದವು. ಒಂದು ತುಂಡೂ ಬೆಟ್ಟದಲ್ಲಿ ಉಳಿದಿರಲಿಲ್ಲ. ಮಿಕೆಲ್ ಎರಡೂ ಕೈ ಸೊಂಟಕ್ಕಿಟ್ಟು ಆ ರಾಶಿಯನ್ನು ನೋಡಿ ಒಮ್ಮೆ ತಲೆಯಾಡಿಸಿದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಪಕ್ಕದಲ್ಲಿ ಬೋಯ್ಸಿ ನಗರದಿಂದ ಬೇಟೆಗೆ ಬಂದ ಗಂಡಹೆಂಡತಿ ಹೊರಡುವ ತಯಾರಿಯಲ್ಲಿದ್ದರು. ಆರಿನ್ ಒಣಗಲು ಹರಡಿದ್ದ ಗುಡಾರದ ಹತ್ತಿರ ಆ ಹೆಂಗಸು ಬಂದು ನಿಂತಳು.

"ಮುಂದಿನ ವರ್ಷಕ್ಕೆ ನಾವೂ ಇದನ್ನೇ ತಗೋಬೇಕು ಅಂತಿದೀವಿ. ನನ್ನ ತಮ್ಮ, ಅವನ ಹೆಂಡ್ತಿನೂ ಬರ್ತಾರೆ. ಒಲೆ ಇಟ್ಟು ನಾಲ್ಕು ಜನ ಆರಾಮಾಗಿ ಮಲಗಬಹುದಾ?"

ಮಾರ್ಲಾ ಹಗ್ಗ ಬಿಗಿಯುತ್ತಿದ್ದವಳು ನಿಲ್ಲಿಸಿದಳು. ವೇಡ್ ಏನೋ ತಮಾಷೆ ಮಾಡಿ ಮಾತು ತಿರುಗಿಸಲು ಬಾಯಿ ತೆರೆದ. ಆರಿನ್ ಅದಕ್ಕೆ ಅವಕಾಶ ಕೊಡಲಿಲ್ಲ.

"ಇಲ್ಲ. ಒಲೆ ಇಟ್ರೆ ಮೂರೇ ಜನ. ನಾಲ್ಕನೆಯವರು ಹೊರಗೆ ಮಲಗ್ಬೇಕಾಗುತ್ತೆ. ಹಿಮ ಬಿದ್ರೆ ಅವರ ಜೀವಕ್ಕೇ ಕುತ್ತು ಬರುತ್ತೆ. ದೊಡ್ಡದು ತಗೊಳ್ಳಿ."

"ಅಯ್ಯೋ. ಇಲ್ಲಿ ಬಂದ ಮೇಲೆ ಗೊತ್ತಾಯ್ತಾ ನಿಮಗೆ?"

"ಇಲ್ಲ," ಎಂದ ಆರಿನ್. ಕಿವಿ ಬಿಸಿಯಾಯಿತು. "ಹೊರಡೋ ಮುಂಚೆನೇ ಅಳೆದು ನೋಡಿದ್ದೆ."

ಅವಳು ಅವನನ್ನು ನೋಡಿದಳು, ಹಿಂದೆ ನಿಂತ ಮೂವರನ್ನು ನೋಡಿದಳು, ಗಂಡನ ಕಡೆ ನಡೆದಳು. ಆರಿನ್ ಬಗ್ಗಿ ಗುಡಾರ ಮಡಚತೊಡಗಿದ. ತಲೆ ಎತ್ತುವ ಧೈರ್ಯವಾಗಲಿಲ್ಲ.

ಮಾರ್ಲಾ ಗಾಡಿ ಚಾಲೂ ಮಾಡಿದಳು. ಚಾಲಕಿಯ ಪಕ್ಕದ ಸೀಟು ಯಾವಾಗಲೂ ವೇಡ್‌ನದು. ಅವನು ಆ ಬಾಗಿಲು ತೆರೆದು ಹಿಡಿದುಕೊಂಡು ನಿಂತ.

"ಬಾ, ಮುಂದೆ ಕೂತ್ಕೊ. ನಿನ್ನ ಮೊಣಕಾಲು ಚಾಚೋಕೆ ಜಾಗ ಬೇಕು."

ಆರಿನ್ ಹತ್ತಿ ಕಾಲು ಚಾಚಿದ. ವೇಡ್ ಹಿಂದಿನ ಸೀಟಿಗೆ ಹೋಗಿ, ಮಿಕೆಲ್‌ಗೂ ಮಾಂಸದ ಚೀಲಗಳಿಗೂ ನಡುವೆ ಮಂಡಿಗಳನ್ನು ಎದೆಗೆ ತಂದುಕೊಂಡು ಕೂತ.