ಎರಡನೆಯ ಕೂಗು

"ಎಲ್ಲರೂ ಕೆಳಗೆ ಹೋಗಿ. ಕೋಣೆಯ ಮೌನ ರೆಕಾರ್ಡ್ ಮಾಡ್ಬೇಕು," ಎಂದು ಶರಣ್ ಸಿನಿಮಾ ಯೂನಿಟ್ಟಿನವರನ್ನೆಲ್ಲ ಹೊರಗಟ್ಟಿದ. ಪ್ರಭಾವತಿಯತ್ತ ತಿರುಗಿ, "ನೀವೂ ಹೊರಡಿ ಪ್ರಭಾವತಿಯವರೇ. ನಿಮ್ಮ ಬಳೆಗಳಿಗೆ ಬಾಯಿ ಜಾಸ್ತಿ," ಎಂದ.

"ಅವೇನು ನಿಮ್ಮ ಹತ್ತಿರ ಮಾತಾಡಿದ್ವಾ?"

"ಎಲ್ಲಿ ಬಿಡಿ, ನನ್ನಂಥವರ ಹತ್ತಿರ ಯಾಕೆ ಮಾತಾಡ್ತವೆ?" ಎಂದು ನಕ್ಕವನು, ಅವಳು ಕಣ್ಣೆತ್ತಿದ್ದೇ ತಡ, ಮೈಕಿನತ್ತ ಬಗ್ಗಿದ. ಯಾವಾಗಲೂ ಹೀಗೇ. ಆಡಿ ಮುಗಿಸುವ ಮೊದಲೇ ಅವಿತುಕೊಳ್ಳುವ ಮನುಷ್ಯ.

ಖಾಲಿ ಕೋಣೆಗೂ ತನ್ನದೇ ಸದ್ದಿರುತ್ತದಂತೆ. ಮಾತಿನ ನಡುವೆ ಅದನ್ನು ತುಂಬದಿದ್ದರೆ ಸಿನಿಮಾ ಕಿವುಡಾಗುತ್ತದಂತೆ. ವಾರವಿಡೀ ಲೀಡ್ಸ್‌ನಲ್ಲಿ ಸಾಫ್ಟ್‌ವೇರ್, ವೀಕೆಂಡ್ ಬಂದರೆ ಹಡರ್ಸ್‌ಫೀಲ್ಡಿನ ಈ ಹಳೇ ಕಲ್ಲುಮನೆಯಲ್ಲಿ ಮೌನ ಹಿಡಿಯುವ ಕೆಲಸ ಅವನಿಗೆ.

ಸಿನಿಮಾದ ಕತೆ ಪ್ರಭಾವತಿಯದೇ. ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಡಾಕ್ಟರಾಗಿದ್ದವಳಿಗೆ ಗೋಡೆಯೊಳಗಿಂದ ಯಾರೋ ಕರೆಯುವುದು ಕೇಳಿಸತೊಡಗಿದ್ದು, ವಾರ್ಡು, ಮಾತ್ರೆ, ಮೆಲ್ಲಗೆ ಬದುಕಿಗೆ ಮರಳಿದ್ದು. ಬರೆದವಳೂ ಅವಳೇ, ನಟಿಸುತ್ತಿದ್ದವಳೂ ಅವಳೇ. ಅಂದಿನ ಅವಳ ಕೋಣೆಯ ಮಂಕು ಹಸಿರು ಗೋಡೆ, ಒಂಟಿ ಕುರ್ಚಿ, ಸರಿಯಾಗಿ ಮುಚ್ಚಿಕೊಳ್ಳದ ಕಪಾಟು, ಎಲ್ಲ ಅವಳು ಹೇಳಿದ ಹಾಗೇ ಮಾಡಿದ್ದರು. ತುಂಬಾ ಚೆನ್ನಾಗಿ ಮಾಡಿದ್ದರು. ಅದೇ ಅವಳಿಗೆ ಕಷ್ಟವಾಗಿತ್ತು.

ಇಂಗ್ಲೆಂಡಿನ ಚಳಿಗಾಲ, ಶರಣ್ ಇಳಿದು ಬಂದಾಗ ಮಧ್ಯಾಹ್ನವೇ ಕತ್ತಲಾಗಿತ್ತು. ಕಿಟಕಿಯಾಚೆ ಮಂಜು. "ಕೇಳಿ ನೋಡಿ, ನಿಮ್ಮ ಕೋಣೆ ಎಷ್ಟು ಸಭ್ಯಸ್ಥ ಅಂತ," ಎಂದು ಹೆಡ್‌ಫೋನ್ ಕೊಟ್ಟ.

ಮೊದಲು ಪೈಪಿನ ಗುಯ್‌ಗುಡುವಿಕೆ. ಮರದ ನೆಲ ಒಮ್ಮೆ ಕಿರ್ ಎಂದಿತು. ಆಮೇಲೆ, ಕಿವಿಗೆ ತೀರಾ ಹತ್ತಿರದಲ್ಲಿ, ಪಿಸುದನಿಯಲ್ಲಿ, ಅಕ್ಕರೆಯಿಂದ ಯಾರೋ ಕರೆದರು:

"ಪ್ರಭಾ."

ಒಂದೇ ಸಲ. ಅಂದೂ ಗೋಡೆಯ ದನಿ ಹಾಗೇ ಒಂದೇ ಸಲ ಕರೆಯುತ್ತಿತ್ತು.

ಅವಳು ಹೆಡ್‌ಫೋನ್ ತೆಗೆದು ಅವನ ಕೈಗಿಟ್ಟಳು. "ಕೊನೇಲಿ... ಏನಾದ್ರೂ ಅದೇನ್ರೀ? ಕೇಳ್ರಿ." ಗಾಬರಿಯಾದರೆ ಅವಳ ಬಾಯಿಗೆ ಧಾರವಾಡ ಬರುತ್ತಿತ್ತು.

ಶರಣ್ ಕೇಳಿದ. ಅವನ ಮುಖ ಬಿಳುಚಿತು. "ಇಲ್ಲ... ಏನೂ ಇಲ್ಲ," ಎಂದ.

ಅವಳು ಕೋಟು ಹಾಕಿಕೊಂಡು ಹೊರಬಂದಳು. ಏನೂ ಇಲ್ಲ. ಅಂದರೆ ಮತ್ತೆ ಶುರುವಾಯಿತು. ಸಿನಿಮಾದ ಕೊನೆಯಲ್ಲಿ 'ಈಗ ಕೋಣೆಯಲ್ಲಿ ನಾನೊಬ್ಬಳೇ' ಎಂದು ನಗಬೇಕಿತ್ತು ಅವಳು. ಯಾವ ಬಾಯಲ್ಲಿ ಹೇಳುವುದು? ಹಾಳಾದ್ದು, ಅವನ ಮುಂದೆಯೇ ಆಗಬೇಕಿತ್ತೇ! ನಡೆಯುತ್ತಲೇ ವಾರ್ಡಿನ ನರ್ಸಿನ ನಂಬರಿಗಾಗಿ ಫೋನ್ ತೆಗೆದಳು.

"ಪ್ರಭಾ."

ಹಿಂದಿನಿಂದ, ಮಂಜಿನೊಳಗಿಂದ. ಅದೇ ದನಿ.

ಅವಳು ತಿರುಗಲಿಲ್ಲ. ಅಜ್ಜಿ ಸಿದ್ದವ್ವ ಹೇಳುತ್ತಿದ್ದಳು: "ಹೊತ್ತು ಮುಳುಗಿದ ಮ್ಯಾಲೆ ಒಂದ ಸಲ ಕರದ್ರ ಓ ಅನಬ್ಯಾಡ. ದೆವ್ವ ಒಂದ ಸಲ ಕರೀತೈತಿ. ಮನಶ್ಯಾ ಆದ್ರ ಮತ್ತ ಕರೀತಾನ."

ಬೀದಿ ಸದ್ದಿಲ್ಲದೆ ನಿಂತಿತ್ತು. ಅವಳು ಎರಡನೆಯ ಕೂಗಿಗೆ ಕಾದಳು.

"ಪ್ರಭಾ! ನಿಂತ್ಕೊಳ್ಳಿ, ಜಾರಿ ಬಿದ್ದೆ ಇಲ್ಲಿ!"

ತಿರುಗಿದಳು. ಮೊಣಕಾಲಿನ ಕೆಸರು ಒರೆಸಿಕೊಳ್ಳುತ್ತ ಶರಣ್ ಏದುಸಿರು ಬಿಡುತ್ತಿದ್ದ.

"ಅದು ನಾನೇ. ರೆಕಾರ್ಡಿನಲ್ಲಿರೋದು ನನ್ನ ದನಿ. ಕುರ್ಚಿ ಮೇಲೆ ನಿಮ್ಮ ಶಾಲು ಇತ್ತು. ಮನಸ್ಸಲ್ಲೇ ಕರೆದೆ ಅಂದ್ಕೊಂಡಿದ್ದೆ, ಬಾಯಿಗೆ ಬಂದುಬಿಟ್ಟಿದೆ. ನಾಚಿಕೆಯಾಗಿ ಏನೂ ಇಲ್ಲ ಅಂದೆ. ನಮ್ಮ ಡೈರೆಕ್ಟರ್ ಉಲ್ಲಾಸ್‌ಗೂ ಅದು ಕೇಳಿಸಿದೆ. ಸಾಹೇಬರು ಇನ್ನೂ ನಗ್ತಾನೇ ಇದ್ದಾರೆ."

ಅವಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು. "ಬೇರೆ ಯಾರಿಗಾದ್ರೂ ಸುಳ್ಳು ಹೇಳ್ರಿ. ನನಗ ಹೇಳಬ್ಯಾಡ್ರಿ. ನನ್ನ ಕಿವಿನ ನಾನು ನಂಬೋಹಂಗ ಆಗಾಕ ಎಷ್ಟು ಕಷ್ಟಪಟ್ಟೀನಿ, ಗೊತ್ತೇನ್ರಿ ನಿಮಗ?"

ಅವನು ತಲೆತಗ್ಗಿಸಿದ. ಆಮೇಲೆ ಮೊದಲ ಬಾರಿಗೆ, ಅವಿತುಕೊಳ್ಳದೆ, ಅವಳ ಕಣ್ಣು ನೋಡಿ ಹೇಳಿದ. "ತಪ್ಪಾಯ್ತು. ನನಗೆ ನೀವಂದ್ರೆ ಪ್ರಾಣ. ಇನ್ಮೇಲೆ ಕೇಳಿಸಿದ್ರೆ ಕೇಳಿಸಿತು ಅಂತೀನಿ. ಕೇಳಿಸದಿದ್ರೆ ಇಲ್ಲ ಅಂತೀನಿ. ಅಷ್ಟೇ ನನ್ನ ಕೈಲಾಗೋದು."

ಇದಕ್ಕಿಂತ ದೊಡ್ಡ ಮಾತನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಕಲ್ಲುಮನೆಯತ್ತ ತಿರುಗಿದಳು. ಅವನ ಕುಂಟುನಡಿಗೆಗೆ ಹೊಂದುವಂತೆ ನಿಧಾನವಾಗಿ ನಡೆಯುತ್ತ, ಒಂದೇ ಸಲ ಕರೆಯುವ ದೆವ್ವದ ಬಗ್ಗೆ ಅಜ್ಜಿ ಹೇಳಿದ್ದನ್ನು ಅವನಿಗೂ ಹೇಳಿದಳು.

ಮೌನವನ್ನು ಮತ್ತೆ ರೆಕಾರ್ಡ್ ಮಾಡಬೇಕಿತ್ತು. ಈ ಸಲ ಅವಳು ಕೆಳಗೆ ಹೋಗಲಿಲ್ಲ. ಬಳೆ ಬಿಚ್ಚಿಟ್ಟು, ಹಸಿರು ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತಳು. ಕಪಾಟಿನ ಬಾಗಿಲು ತಾನಾಗಿ ಚೂರು ತೆರೆದುಕೊಂಡಿತು. ಕೇಳಿಸಿತೇ ಎಂಬಂತೆ ಅವಳು ಹುಬ್ಬೇರಿಸಿದಳು. ಹೆಡ್‌ಫೋನ್ ಹಾಕಿದ್ದ ಶರಣ್ ಹೌದೆಂದು ತಲೆಯಾಡಿಸಿದ. ಆಮೇಲೆ ಗೋಡೆ ತೋರಿಸಿ ಮತ್ತೆ ಹುಬ್ಬೇರಿಸಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಅವಳಿಗೂ ಏನೂ ಕೇಳಿಸಿರಲಿಲ್ಲ.

ಅವಳು ತುಟಿ ಮಾತ್ರ ಅಲುಗುವಂತೆ ಉಸುರಿದಳು. "ಶರಣ್."

ಅವನು ಓಗೊಡಲಿಲ್ಲ. ಕಣ್ಣಲ್ಲೇ ನಗುತ್ತ ಕಾದ.

"ಶರಣ್."

"ಕೇಳಿಸಿತು," ಎಂದ.

ಮೌನವನ್ನು ಮೂರನೇ ಸಲ ರೆಕಾರ್ಡ್ ಮಾಡಬೇಕಾಯಿತು.