ಓದಿದವರ ಲೆಕ್ಕ

ಸಂಶೋಧಕಿ ಲೈಬ್ರರಿಯ ಬಾಗಿಲು ತಳ್ಳಿಕೊಂಡು ಬಂದ ರಭಸ ನೋಡಿಯೇ ಗ್ರಂಥಪಾಲಕ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ. ಯಾರ ಪ್ರಬಂಧವನ್ನು ಎಷ್ಟು ಜನ ಓದಿದರು, ಅದು ಎಲ್ಲೆಲ್ಲಿ ಉಪಯೋಗಕ್ಕೆ ಬಂತು ಎಂದು ಲೆಕ್ಕ ಹಾಕುವವನು ಅವನೇ. ಆ ಲೆಕ್ಕ ನೋಡಿ ಅವಳನ್ನು ಕೆಲಸದಲ್ಲಿ ಉಳಿಸಿಕೊಳ್ಳಬೇಕೋ ಬೇಡವೋ ಎಂದು ಸಂಸ್ಥೆಯ ಸಮಿತಿ ಮಧ್ಯಾಹ್ನ ತೀರ್ಮಾನಿಸುವುದಿತ್ತು.

"ನಿನ್ನೆ ನನ್ನ ಪ್ರಬಂಧ ಎಲ್ಲರಿಗಿಂತ ಮುಂದಿತ್ತು. ಇವತ್ತು ಪಾತಾಳ ಸೇರಿದೆ. ನನ್ನ ಮೇಲೆ ಏನ್ ಹಗೆ ನಿಮಗೆ?"

"ಹಗೆ ಏನಿಲ್ಲ ಮೇಡಂ. ಒಂದೇ ಕಂಪ್ಯೂಟರ್‌ನಿಂದ ಮತ್ತೆ ಮತ್ತೆ ತೆರೆದಿದ್ರೆ ಅದನ್ನ ಲೆಕ್ಕದಿಂದ ತೆಗೀಬೇಕು. ನಿಯಮ."

"ಯಾರ ಕಂಪ್ಯೂಟರ್? ನಾನೇ ಕೂತ್ಕೊಂಡು ಒತ್ತಿದೆ ಅಂತಾರೆ ಸಮಿತಿಯವರು. ಕೆಲಸದ ಜೊತೆ ಮಾನನೂ ಹೋಗುತ್ತೆ."

ಅವನು ಕನ್ನಡಕ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಮಾಡಿದ್ದುಣ್ಣೋ ಮಹಾರಾಯ ಎಂದು ಒಳಗಿನಿಂದ ಯಾರೋ ಗೇಲಿ ಮಾಡಿದಂತಾಯಿತು.

"ಕಂಪ್ಯೂಟರ್ ನಂದು."

ಅವಳು ಎದುರಿನ ಕುರ್ಚಿಯಲ್ಲಿ ಕುಸಿದಳು. "ಯಾಕೆ?"

"ಮನೆಗೆಲಸದ ಹೆಂಗಸರು ಬೆಳಗ್ಗೆ ಬಸ್ಸಿಗೆ ಕಾಯೋದರ ಬಗ್ಗೆ ಬರೆದಿದ್ದೀರಲ್ಲ. ನಮ್ಮಮ್ಮ ಹಾಗೆ ಕಾದೂ ಕಾದೂ ನಮ್ಮನ್ನ ಸಾಕಿದ್ದು. ಮೊದಲ ಸಲ ಅದಕ್ಕೇ ಓದಿದೆ." ಅವನು ಮೇಜಿನ ಅಂಚನ್ನು ಹಿಡಿದುಕೊಂಡ. "ಆಮೇಲೆ ಓದಿದ್ದೆಲ್ಲ ನಿಮಗೋಸ್ಕರ. ಮೊದಲ ಪುಟದಲ್ಲಿ ನಿಮ್ಮ ಫೋಟೋ ಇದೆ."

ಅವಳ ಕಣ್ಣು ಅವನ ಮುಖದ ಮೇಲೆ ಒಂದು ಗಳಿಗೆ ನಿಂತಿತು. ಅದರಲ್ಲಿ ಸಿಟ್ಟಿತ್ತೋ ಇನ್ನೇನಿತ್ತೋ, ಅವನಿಗೆ ಓದಲಾಗಲಿಲ್ಲ.

"ಪ್ರೀತಿ ಮಾಡೋಕೆ ಹೋಗಿ ನನ್ನ ಅನ್ನಕ್ಕೇ ಕಲ್ಲು ಹಾಕಿದ್ರಿ."

"ತಪ್ಪು ನಂದು ಅಂತ ವರದಿಯಲ್ಲೇ ಬರೆದಿದ್ದೀನಿ. ಇನ್ನೊಂದೂ ಸೇರಿಸಿದ್ದೀನಿ. ಸಾರಿಗೆ ಇಲಾಖೆ ಆ ಹೆಂಗಸರ ಬಡಾವಣೆಗಳಿಗೆ ಮುಂಜಾನೆ ಹೊಸ ಬಸ್ಸು ಬಿಟ್ಟಿದೆ. ಅವರ ಆದೇಶದಲ್ಲಿ ನಿಮ್ಮ ಹೆಸರಿಲ್ಲ, ನಿಮ್ಮ ವಾಕ್ಯಗಳು ಹಾಗೇ ಇವೆ. ಹೆಸರಿಲ್ಲದ್ದು ನಮ್ಮ ಸಾಫ್ಟ್‌ವೇರ್‌ಗೆ ಕಾಣಲ್ಲ. ನನಗೆ ಬಾಯಿಪಾಠ ಆಗಿತ್ತಲ್ಲ, ನೋಡಿದ ಕೂಡಲೇ ಗುರುತು ಸಿಕ್ತು."

ಸಮಿತಿಯಿಂದ ಕರೆ ಬಂತು. ಅವಳು ಎದ್ದು ಹೋದಳು.

ಆ ಮಧ್ಯಾಹ್ನ ಅವನಿಗೆ ಒಂದು ಪುಸ್ತಕವನ್ನೂ ಸರಿಯಾದ ಕಪಾಟಿಗೆ ಸೇರಿಸಲಾಗಲಿಲ್ಲ. ಅವಳ ಕೆಲಸ ಹೋದರೆ ತನ್ನ ಮುಖ ತನಗೇ ಬೇಡವೆನಿಸುತ್ತಿತ್ತು.

ಬಾಗಿಲು ಈ ಸಲ ಮೆಲ್ಲಗೆ ತೆರೆಯಿತು.

"ಉಳಿಸ್ಕೊಂಡ್ರು. ಆ ಹೊಸ ಬಸ್ಸಿಂದಾಗಿ," ಎಂದಳು.

ಅವಳು ಬಾಗಿ, ಅವನ ಪರದೆಯಲ್ಲಿ ತೆರೆದೇ ಇದ್ದ ಪ್ರಬಂಧವನ್ನು ಮುಚ್ಚಿದಳು. ಮತ್ತೆ ಅದೇ ಕುರ್ಚಿಯನ್ನು ಹತ್ತಿರ ಎಳೆದು ಕೂತಳು.

"ಆ ಫೋಟೋ ಹಳೇದು. ನೋಡೋದಿದ್ರೆ ಎದುರಿಗೇ ನೋಡಿ. ಎಷ್ಟು ಸಲ ನೋಡಿದ್ರೂ ಯಾರೂ ಲೆಕ್ಕ ಇಡಲ್ಲ."